ಹಲಬರ್ಗಾದ ಅಜ್ಜಿಯ ಬೆಳ್ಳಿ ಟಂಕ

ಅವ್ವ ಔರಾದಿನಲ್ಲಿ ನರ್ಸ್ ಆಗಿದ್ದಳು. ಹೆರಿಗೆ ಮಾಡಿಸಿದ್ದಕ್ಕೆ ಚಿಂತಾಕಿ ಊರಿನ ಮನೆಯವರೊಬ್ಬರು, ಬೇಡವೆಂದರೂ ಕೇಳದೆ, ಅವಳ ಕೈಯಲ್ಲಿಟ್ಟ ಬೆಳ್ಳಿ ನಾಣ್ಯ ಆಮೇಲೆ ನನ್ನ ಪಾಲಿಗೆ ಬಂತು. ಬಹಮನಿ ಸುಲ್ತಾನರ ಕಾಲದ ಟಂಕ. ನಾನು ಬೀದರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಬಹಮನಿ ಪಾಠ ಬಂದಾಗಲೆಲ್ಲ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿ, "ಕಲಬುರಗಿ ಟಂಕಸಾಲ್ಯಾಗ ಅಚ್ಚು ಹಾಕಿದ್ದು" ಎನ್ನುತ್ತ ಹುಡುಗಿಯರ ಕೈಗೆ ಕೊಡುತ್ತಿದ್ದೆ. ಅದರ ಮೇಲಿನ ಅರಬ್ಬಿ ಅಕ್ಷರ ನನಗೆ ಓದಲು ಬರುತ್ತಿರಲಿಲ್ಲ. ಯಾರೋ ಅವ್ವನಿಗೆ ಹೇಳಿದ್ದನ್ನೇ ನಾನೂ ಹೇಳುತ್ತಿದ್ದೆ.

ಭಾಲ್ಕಿಯಿಂದ ಹೊಸ ಉರ್ದು ಟೀಚರ್ ವರ್ಗವಾಗಿ ಬಂದಳು. ನನಗಿಂತ ತೀರ ಚಿಕ್ಕವಳು. ಒಂದು ದಿನ ಪಾಠದ ನಡುವೆ ಬಾಗಿಲಲ್ಲಿ ನಿಂತಾಗ ಹುಡುಗಿಯೊಬ್ಬಳು ನಾಣ್ಯವನ್ನು ಅವಳಿಗೂ ತೋರಿಸಿದಳು. ಅವಳು ಅದನ್ನು ಅರ್ಧ ಸುತ್ತು ತಿರುಗಿಸಿ ಹಿಡಿದು, ಬಸ್ಸಿನ ಬೋರ್ಡು ಓದಿದಷ್ಟು ಸಲೀಸಾಗಿ ಓದಿದಳು.

"ಇದು ಸುಲ್ತಾನರ ಹೆಸರು. ಕೆಳಗ ಮಹಮ್ಮದಾಬಾದ್ ಅಂತದರಿ, ಆಗಿನ ಬೀದರಿನ ಹೆಸರು. ಅಂದ್ರ ಕಲಬುರಗಿದಲ್ರಿ ಅಕ್ಕ, ನಮ್ಮ ಬೀದರಿಂದೇ!"

ಹುಡುಗಿಯರು ಚಪ್ಪಾಳೆ ತಟ್ಟಿದರು. ನನ್ನ ಕಿವಿ ಕಾದವು. ಇಷ್ಟು ವರ್ಷ ನಾನು ಅದನ್ನು ತಲೆಕೆಳಗಾಗಿ ಹಿಡಿದಿದ್ದೆ.

ಅಂದಿನಿಂದ ಅವಳ ನಗು, ಅವಳ ಸುತ್ತ ಹುಡುಗಿಯರು ಮುತ್ತುವುದು, ಯಾವುದೂ ನನಗೆ ಸೇರಲಿಲ್ಲ. ಗುಟ್ಟಾಗಿ ಉರ್ದು ಅಂಕಲಿಪಿ ತಂದು ಅಡುಗೆಮನೆಯಲ್ಲಿ ತಿದ್ದಿದೆ. ಹಲಬರ್ಗಾದ ಅಜ್ಜಿಯೊಬ್ಬಳ ಕೊರಳ ಸರದಲ್ಲಿ ಇಂಥದೇ ಟಂಕವಿದೆ ಎಂದು ತಿಳಿದಾಗ, ಉರ್ದು ಟೀಚರಿಗಿಂತ ಮೊದಲು ನಾನೇ ನೋಡಬೇಕೆಂದು ಭಾನುವಾರ ಚರ್ಚ್ ಮುಗಿದದ್ದೇ ಬಸ್ಸು ಹತ್ತಿದೆ.

"ಏನ್ ಬರದದರಿ ಇದರಾಗ?" ಅಜ್ಜಿ ಸರ ಎತ್ತಿ ಹಿಡಿದು ಕೇಳಿದಳು.

ನನಗೆ ಗುರುತು ಸಿಕ್ಕಿದ್ದು ಎರಡೇ ಅಕ್ಷರ. "ಭಾಳ ದೊಡ್ಡ ಸುಲ್ತಾನಂದು" ಎಂದುಬಿಟ್ಟೆ. ಅಜ್ಜಿ ಹಿಗ್ಗಿ ಚಹಾ ಮಾಡಿಕೊಟ್ಟಳು. ಮೊಬೈಲಿನಲ್ಲಿ ಟಂಕದ ಫೋಟೋ ತೆಗೆದುಕೊಂಡು ಬೇಗನೆ ಎದ್ದೆ.

ಮರುದಿನ ಬೇರೆ ದಾರಿಯಿಲ್ಲದೆ ಹಲಬರ್ಗಾದಲ್ಲಿ ತೆಗೆದದ್ದೆಂದು ಹೇಳಿ ಆ ಫೋಟೋವನ್ನು ಉರ್ದು ಟೀಚರಿಗೆ ತೋರಿಸಿದೆ. ಅವಳು ಮೊದಲು ನನ್ನ ಮುಖ ನೋಡಿದಳು.

"ಒಬ್ಬರೇ ಹೋಗಿದ್ರ್ಯಾ? ನನಗೂ ಕರೀಬೇಕಿತ್ತಲ್ರಿ."

ಅವಳು ಫೋಟೋ ದೊಡ್ಡದು ಮಾಡಿ ನೋಡಿದಳು. "ಇದರಾಗ ತಂದಿ ಹೆಸರೂ ಅದ ನೋಡ್ರಿ. ನಿಮ್ಮ ನಾಣ್ಯದ ಸುಲ್ತಾನರ ಮಗ ಇವರು."

ಮುಂದಿನ ಭಾನುವಾರ ಇಬ್ಬರೂ ಹೋದೆವು. ನಾನು ಹೋದ ವಾರ ಅಂದಾಜಿನಲ್ಲಿ ಹೇಳಿದ್ದೆ ಎಂದು ಅಜ್ಜಿಯ ಮುಂದೆ ಒಪ್ಪಿಕೊಂಡೆ. ಟೀಚರ್ ಪ್ರತಿ ಅಕ್ಷರಕ್ಕೂ ಬೆರಳಿಟ್ಟು ಓದಿ ಹೇಳಿದಳು. ಅಜ್ಜಿ ಅವಳ ಕೈಯನ್ನೇ ಹಿಡಿದು ಕೂತಳು. ನನ್ನ ಹೊಟ್ಟೆ ಮತ್ತೆ ಉರಿಯಿತು.

ವಾಪಸು ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದೆ: "ನನಗ ಓದ್ಲಿಕ್ಕ ಕಲಸ್ತೀಯೇನು?"

"ಅದಕ್ಯಾಕ್ರಿ ಇಷ್ಟು ಸಂಕೋಚ?" ಎಂದಳು.

ಈಗ ಊಟದ ಬಿಡುವಿನಲ್ಲಿ ಕಲಿಸುತ್ತಾಳೆ. ಊರಿನ ಹೆಸರು ಓದುತ್ತೇನೆ. ಸುಲ್ತಾನರ ಬಿರುದುಗಳಲ್ಲಿ ಇನ್ನೂ ಎಡವುತ್ತೇನೆ. ಅವಳು ನಗದೆ ತಿದ್ದುತ್ತಾಳೆ. ನಕ್ಕಿದ್ದರೆ ಸಿಟ್ಟಾದರೂ ಮಾಡಬಹುದಿತ್ತು.