ಅರಿಶಿನ ಹಚ್ಚದ ಕಾರ್ಡು

ಕೊಣನೂರಿನ ನಮ್ಮ ಚರ್ಚಿಗೆ ಕ್ರಿಸ್‌ಮಸ್ ಕಾರ್ಡು ಅಚ್ಚು ಹಾಕಿಸುವ ಶಕ್ತಿಯಿರಲಿಲ್ಲ. ಬಿಳಿ ಡ್ರಾಯಿಂಗ್ ಹಾಳೆ ಕತ್ತರಿಸಿ, ಆರಾಧನೆಯ ಹೊತ್ತನ್ನು ನಾನೇ ಬರೆದು, ನಮ್ಮ ಬೀದಿಯ ಮನೆಮನೆಗೂ ಕೊಟ್ಟು ಬಂದೆ. ಸಂಜೆ ನೋಡಿದರೆ ಕಾರ್ಡುಗಳನ್ನೆಲ್ಲ ಹೊರಗೇ ಕಿಟಕಿ ಸರಳಿಗೆ ಸಿಕ್ಕಿಸಿದ್ದರು.

“ಅರಿಶ್ನ ಅಚ್ಚದ ಕಾರ್ಡು ತಿಥಿಗೆ ಕೊಡೋದು ಕಣಕ್ಕ. ಒಳೀಕೆ ಎಂಗ್ ತಗೊಂಡೋಗದು?” ಎಂದಳು ಪಕ್ಕದ ಮನೆಯಾಕೆ.

ಇದೇ ಬೀದಿಯಲ್ಲಿ ಬೆಳೆದೂ ನನಗೆ ಹೊಳೆದಿರಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮರುವರ್ಷ, ಪಾಸ್ಟರ್ ಮುಖ ಸಿಂಡರಿಸಿದರೂ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ. ಆಕೆ ಕಾರ್ಡನ್ನು ಕಣ್ಣಿಗೊತ್ತಿಕೊಂಡು ದೇವರ ಪಟದ ಮುಂದಿಟ್ಟಳು. ಆರಾಧನೆಗೆ ಮಾತ್ರ ಆಕೆಯೂ ಬರಲಿಲ್ಲ, ಬೀದಿಯ ಬೇರೆ ಯಾರೂ ಬರಲಿಲ್ಲ.

ನಮ್ಮ ಬೀದಿಯವರಿಂದ ಚರ್ಚಿನ ಬೆಂಚುಗಳು ತುಂಬಿದ್ದು ಒಂದೇ ಸಲ, ನಮ್ಮಮ್ಮ ತೀರಿಕೊಂಡ ದಿನ. ಅವತ್ತು ನಾನು ಯಾರನ್ನೂ ಕರೆದಿರಲಿಲ್ಲ.