ಕುರಿಸಂತೆಯ ಇಂಗ್ಲಿಷ್

ಕೊಂಡ್ಲಹಳ್ಳಿಯಲ್ಲಿ ಬಸ್ಸಿಳಿದು ಆಟೋ ಹತ್ತಿ ಹೋಗಬೇಕಾದ ಒಂದು ಊರಿನ ಸರ್ಕಾರಿ ಶಾಲೆಗೆ ನಾನು ಇಂಗ್ಲಿಷ್ ಶಿಕ್ಷಕಿಯಾಗಿ ಬಂದಾಗ, ಅಲ್ಲಿನ ಮಕ್ಕಳಿಗೆ ಪುಸ್ತಕದ ಇಂಗ್ಲಿಷ್ ಪದ್ಯಗಳೆಲ್ಲ ಬಾಯಿಪಾಠವಾಗಿದ್ದವು. ಆದರೆ ಎದುರಿಗೆ ನಿಂತು ‘ನಿನ್ನ ಊರು ಯಾವುದು’ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಗೋಡೆ ನೋಡುತ್ತಿದ್ದರು. ಅವರಲ್ಲಿ ಅರ್ಧ ಮಂದಿ ಮನೆಯಲ್ಲಿ ತೆಲುಗು ಆಡುವವರು, ಬೀದಿಯಲ್ಲಿ ಕನ್ನಡ ಆಡುವವರು. ಎರಡು ಭಾಷೆಯನ್ನು ಯಾರ ಪಾಠವೂ ಇಲ್ಲದೆ ಕಲಿತ ಮಕ್ಕಳಿಗೆ ಮೂರನೆಯದು ಯಾಕೆ ಬರುವುದಿಲ್ಲ ಎಂಬ ಪ್ರಶ್ನೆ ನನ್ನ ತಲೆ ತಿನ್ನುತ್ತಿತ್ತು.

ಅದನ್ನು ನಾನು ಮೊದಲು ಹೇಳಿಕೊಂಡದ್ದು ನಮ್ಮ ಶಾಲೆಯ ಗಣಿತ ಶಿಕ್ಷಕಿಯ ಹತ್ತಿರ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಅಕ್ಕ ಎನ್ನುತ್ತಿದ್ದೆ, ಮಕ್ಕಳು ದೊಡ್ಡ ಮಿಸ್ ಎನ್ನುತ್ತಿದ್ದರು. ಚಳ್ಳಕೆರೆಯಲ್ಲಿ ನನಗೆ ಬಾಡಿಗೆ ಮನೆ ಹುಡುಕಿಕೊಟ್ಟವರು ಅವರೇ. ದಿನವೂ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ನಾನು ಬುತ್ತಿ ತಾರದ ದಿನ ಅವರ ರೊಟ್ಟಿ ಇಬ್ಬರಿಗೂ ಆಗುತ್ತಿತ್ತು.

“ಮಾತು ಬರಬೇಕಂದ್ರೆ ಮಾತಾಡೋ ಕೆಲಸ ಕೊಡಬೇಕವ್ವ. ಕೂರಿಸಿ ಬರೆಸಿದ್ರೆ ಎಲ್ಲಿಂದ ಬರ್ತೈತೆ?” ಎಂದರು ಅಕ್ಕ. ನನಗೆ ಅಷ್ಟೇ ಸಾಕಾಯಿತು.

ಮೊದಲು ಓಡಾಟದ ಡಿಕ್ಟೇಷನ್ ಶುರು ಮಾಡಿದೆ. ಅಂಗಳದ ಬೇವಿನ ಮರಕ್ಕೆ ನಾಲ್ಕು ವಾಕ್ಯ ಬರೆದ ಹಾಳೆ ಅಂಟಿಸುವುದು. ಜೋಡಿಯಲ್ಲಿ ಒಬ್ಬರು ಓಡಿಹೋಗಿ ಓದಿ, ಮನಸ್ಸಿನಲ್ಲಿಟ್ಟುಕೊಂಡು ಬಂದು ಹೇಳಬೇಕು, ಇನ್ನೊಬ್ಬರು ಬರೆಯಬೇಕು. ‘ನಾಯಿ ಮಂಚದ ಕೆಳಗಿದೆ’ ಎಂಬ ಇಂಗ್ಲಿಷ್ ವಾಕ್ಯ ಮರದಿಂದ ಬಾಗಿಲಿಗೆ ಬರುವಷ್ಟರಲ್ಲಿ ‘ನಾಯಿಯೇ ಮಂಚ’ ಆಗಿರುತ್ತಿತ್ತು. ಬರೆಯುವವಳು ಬೈದು ಮತ್ತೆ ಓಡಿಸುತ್ತಿದ್ದಳು. ಆಮೇಲೆ ಒಬ್ಬರ ಕಣ್ಣಿಗೆ ಟವೆಲ್ ಕಟ್ಟಿ, ಗೆಳತಿಯರು ಇಂಗ್ಲಿಷಿನಲ್ಲಿ ಎಡ ಬಲ ಹೇಳುತ್ತ ನೀರಿನ ಟ್ಯಾಂಕಿನವರೆಗೆ ನಡೆಸುವ ಆಟ ಬಂತು. ತಪ್ಪು ಹೇಳಿದರೆ ಗೆಳತಿ ಗೋಡೆಗೆ ಹಾಯುತ್ತಾಳಲ್ಲ, ಅದಕ್ಕೇ ಲೆಫ್ಟು ರೈಟು ಎರಡೇ ದಿನದಲ್ಲಿ ಕಲಿತರು.

ಎಲ್ಲಕ್ಕಿಂತ ಹಿಡಿಸಿದ್ದು ಕುರಿಸಂತೆ. ರಟ್ಟಿನಲ್ಲಿ ಇಪ್ಪತ್ತು ಕುರಿ ಕತ್ತರಿಸಿದ್ದೆ. ಒಂದಕ್ಕೆ ಕೊಂಬು ಮುರಿದಿದೆ, ಒಂದರ ಕಿವಿ ಕಪ್ಪು, ಒಂದು ಕುಂಟು. ಮಾರುವವರು ಕುರಿಯನ್ನು ಬೆನ್ನ ಹಿಂದೆ ಹಿಡಿದು ನಿಲ್ಲಬೇಕು. ಕೊಳ್ಳುವವರ ಕೈಯಲ್ಲಿ ತಮಗೆ ಎಂಥ ಕುರಿ ಬೇಕು ಎಂಬ ಚೀಟಿ. ಕೊಂಬಿದೆಯೇ, ವಯಸ್ಸೆಷ್ಟು ಎಂದು ಇಂಗ್ಲಿಷಿನಲ್ಲಿ ಕೇಳಿ ಕೇಳಿಯೇ ತಮ್ಮ ಕುರಿ ಪತ್ತೆ ಮಾಡಬೇಕು.

ಏಳನೇ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಕುರಿ ಕಾಯುವ ಮನೆಯವಳು. ಮನೆಯವರು ಕುರಿ ಹೊಡೆದುಕೊಂಡು ಊರು ಬಿಟ್ಟಾಗ ಅವಳೂ ಹೋಗುತ್ತಿದ್ದಳು, ಹಾಗಾಗಿ ಪಾಠ ಸಾಕಷ್ಟು ತಪ್ಪಿತ್ತು. ನನ್ನ ತರಗತಿಯಲ್ಲಿ ಅವಳು ಬಾಯಿ ಬಿಟ್ಟದ್ದನ್ನೇ ನಾನು ಕಂಡಿರಲಿಲ್ಲ. ಆ ದಿನ ಅವಳಿಗೆ ಮಾರುವ ಪಾಳಿ ಬಂತು. ಕೊಳ್ಳಲು ಬಂದವನು “ಗುಡ್ ಶೀಪ್?” ಎಂದು ಕೇಳಿದ. ಅವಳು ರಟ್ಟಿನ ಕುರಿಯನ್ನು ಒಮ್ಮೆ ನೋಡಿ, ತಲೆ ಅಲ್ಲಾಡಿಸಿ, “ನೋ ಈಟ್. ಫೀವರ್. ಯು ನೋ ಬೈ” ಎಂದಳು.

ತರಗತಿಯೆಲ್ಲ ನಕ್ಕಿತು. ಅವಳು ನಗಲಿಲ್ಲ. ಆ ವಾರ ಅವಳ ಮನೆಯ ಒಂದು ಕುರಿಗೆ ನಿಜವಾಗಿಯೂ ಮೈ ಸುಡುತ್ತಿತ್ತಂತೆ, ಮೇವು ಮುಟ್ಟುತ್ತಿರಲಿಲ್ಲವಂತೆ. ಜಡ್ಡಿನ ಕುರಿ ಮಾರಬಾರದು ಎಂದು ಅವಳಿಗೆ ಗೊತ್ತಿತ್ತು. ಯಾರೂ ಬರೆದುಕೊಡದ ಮಾತನ್ನು ಅವಳು ಇಂಗ್ಲಿಷಿನಲ್ಲಿ ಆಡಿದ್ದಳು. ಸಂಜೆ ಬಸ್ಸಿನಲ್ಲಿ ಇದನ್ನು ಅಕ್ಕನಿಗೆ ಹೇಳಿದೆ. ಅಕ್ಕ ನನ್ನ ಕೈ ಹಿಡಿದುಕೊಂಡು, “ಇವನ್ನೆಲ್ಲಾ ಒಂದು ನೋಟ್‌ಬುಕ್ಕಿನಾಗೆ ಬರೆದಿಡು, ಮರೆತು ಹೋಗ್ತಾವೆ” ಎಂದರು.

ಬರೆದಿಟ್ಟೆ. ಆಟದ ವಿಧಾನ, ಮಕ್ಕಳು ಎಲ್ಲಿ ತಡವರಿಸಿದರು, ಯಾವ ಮಾತಿಗೆ ನಕ್ಕರು, ಎಲ್ಲವನ್ನೂ.

ಚಳಿಗಾಲದಲ್ಲಿ ನಮ್ಮಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನಾನು ಎರಡು ವಾರ ರಜೆ ಹಾಕಬೇಕಾಯಿತು. ಹೊರಡುವ ದಿನ ನೋಟ್‌ಬುಕ್ಕನ್ನೂ ರಟ್ಟಿನ ಕುರಿಗಳನ್ನೂ ಅಕ್ಕನ ಕೈಗೆ ಕೊಟ್ಟೆ. “ಆಟ ನಿಲ್ಲೋದು ಬೇಡ ಅಕ್ಕ, ನನ್ನ ಪೀರಿಯಡ್ ನೀವೇ ತಗೊಳ್ಳಿ” ಎಂದೆ.

“ನಿಮ್ಮಮ್ಮನ್ನ ನೋಡ್ಕೋ ಹೋಗು. ಇಲ್ಲಿ ನಾನಿದೀನಿ” ಎಂದರು. ಎರಡು ವಾರವೂ ದಿನಕ್ಕೊಮ್ಮೆ ಫೋನ್ ಮಾಡಿ ಅಮ್ಮನ ಆರೋಗ್ಯ ಕೇಳಿದರು. ಮಕ್ಕಳು ಆಡುವ ಫೋಟೋ ಕಳಿಸಿದರು.

ನಾನು ಮರಳಿದ ಮೇಲೆ ಒಂದು ಬದಲಾವಣೆ ಕಂಡೆ. ಊಟದ ಬಿಡುವಿನಲ್ಲಿ ಅಕ್ಕ ಐದಾರು ಮಕ್ಕಳನ್ನು ಒಳಗೆ ಕೂರಿಸಿಕೊಂಡು ಬಾಗಿಲು ಮುಚ್ಚುತ್ತಿದ್ದರು. ಮಗ್ಗಿ ಹೇಳಿಸುತ್ತಿರಬೇಕು ಎಂದುಕೊಂಡೆ. ನೋಟ್‌ಬುಕ್ ಕೇಳಿದಾಗ “ಮನೆಯಾಗೆ ಐತೆ, ತರ್ತೀನಿ” ಎಂದರು. ಮತ್ತೆ ಎರಡು ಸಲ ಕೇಳಿದೆ, ಅದೇ ಉತ್ತರ.

ಅಷ್ಟರಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕಿನ ಶಿಕ್ಷಕರಿಗೆ ಚಳ್ಳಕೆರೆಯಲ್ಲಿ ಒಂದು ದಿನದ ಕಾರ್ಯಾಗಾರ ಎಂದು ಸುತ್ತೋಲೆ ಬಂತು. ಅಂದು ಬೆಳಿಗ್ಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಅಕ್ಕ ರೇಷ್ಮೆ ಸೀರೆಯುಟ್ಟು ವೇದಿಕೆಗೆ ಬಂದರು. ‘ನಾನು ರೂಪಿಸಿದ ಇಂಗ್ಲಿಷ್ ಆಟಗಳು’ ಎಂದು ಪರದೆಯ ಮೇಲೆ ಅಕ್ಷರ ಮೂಡಿತು. ಬೇವಿನ ಮರ, ಕಣ್ಣಿಗೆ ಕಟ್ಟಿದ ಟವೆಲ್, ನನ್ನ ಕುರಿಗಳು ಒಂದೊಂದಾಗಿ ಬಂದವು. ಕುರಿಸಂತೆ ಹೇಗೆ ಹೊಳೆಯಿತು ಎಂದು ಅಕ್ಕ ವಿವರಿಸಿದರು. ಆ ಮಾತುಗಳು ನನ್ನ ನೋಟ್‌ಬುಕ್ಕಿನವು, ನನ್ನದೇ ಸಾಲುಗಳು. ಪಕ್ಕದಲ್ಲಿದ್ದ ಶಿಕ್ಷಕರು ಬರೆದುಕೊಳ್ಳುತ್ತಿದ್ದರು.

ಆಮೇಲೆ ಮಕ್ಕಳು ಬಂದರು. ಮುಂದೆ ಆ ಹುಡುಗಿ. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಿದ್ದರು. ರಟ್ಟಿನ ಕುರಿ ಎತ್ತಿ ಹಿಡಿದು, ಒಂದು ಉಸಿರಿಗೆ ಅವಳು ಇಂಗ್ಲಿಷಿನಲ್ಲಿ ಒಪ್ಪಿಸಿದಳು: ನನ್ನ ಕುರಿ ಬಹಳ ಆರೋಗ್ಯವಾಗಿದೆ, ಚೆನ್ನಾಗಿ ಮೇಯುತ್ತದೆ, ದಯವಿಟ್ಟು ಕೊಂಡುಕೊಳ್ಳಿ. ವ್ಯಾಕರಣ ಒಂದೂ ತಪ್ಪಿರಲಿಲ್ಲ. ಕಣ್ಣು ಮಾತ್ರ ಮೇಲೆ ಫ್ಯಾನಿನ ಕಡೆ ಇತ್ತು, ಪದ್ಯ ಒಪ್ಪಿಸುವ ಮಕ್ಕಳ ಕಣ್ಣು.

ಮುಗಿಸಿ ಕೆಳಗೆ ನೋಡಿದವಳಿಗೆ ಹಿಂದೆ ಕೂತ ನಾನು ಕಂಡೆ. ಅವಳ ಮುಖ ಅರಳಿತು. ನಾನು ಚಪ್ಪಾಳೆ ತಟ್ಟಿದೆ. ಎದ್ದು ನಿಂತು ಇದು ನನ್ನದು ಎಂದು ಹೇಳಬಹುದಿತ್ತು. ಎಲ್ಲರ ಜೊತೆ ತಟ್ಟುತ್ತಲೇ ಇದ್ದೆ.

ಅಕ್ಕ ಅಧಿಕಾರಿಗಳ ಜೊತೆ ಊಟಕ್ಕೆ ಉಳಿದರು. ಮಕ್ಕಳನ್ನು ಊರಿಗೆ ಮುಟ್ಟಿಸಲು ನಾನೇ ಬಸ್ ಹತ್ತಿದೆ. ಹುಡುಗಿ ನನ್ನ ಪಕ್ಕ ಕೂತಳು.

“ಮಿಸ್, ಖುಷಿ ಆಯ್ತಾ ನಿಮಗೆ?”

“ಯಾಕೆ ಹಾಗೆ ಕೇಳ್ತೀಯಾ?”

“ದೊಡ್ಡ ಮಿಸ್ ಹೇಳಿದ್ರು, ಇದು ನಿಮಗೆ ಸರ್‌ಪ್ರೈಸು, ಯಾರೂ ನಿಮ್ಮತ್ರ ಬಾಯಿ ಬಿಡಬಾರದು ಅಂತ. ನಾನು ಹೇಳ್ಲೇ ಇಲ್ಲ ನೋಡ್ರಿ” ಎಂದು ಬಾಯ್ತುಂಬ ನಕ್ಕಳು. ಆಮೇಲೆ ಜಡೆಯ ತುದಿ ತಿರುವುತ್ತ, “ಆದ್ರೆ ಅವರು ನಿಮ್ಮ ಹೆಸರು ಹೇಳೋದು ಮರೆತುಬಿಟ್ರು ಮಿಸ್” ಎಂದಳು.

“ಹೌದು, ಮರೆತಿರಬೇಕು” ಎಂದೆ. ಆಟ ಕದ್ದದ್ದನ್ನು ಒಂದು ದಿನ ಮರೆಯುತ್ತಿದ್ದೆನೇನೋ. ನನ್ನ ಮೇಲೆ ಪ್ರೀತಿಯಿದ್ದ ಮಕ್ಕಳನ್ನು ಆ ಪ್ರೀತಿಯಿಂದಲೇ ಬಾಯಿ ಮುಚ್ಚಿಸಿದ್ದನ್ನು ಮರೆಯುವುದು ನನ್ನಿಂದಾಗಲಿಲ್ಲ.

ಮರುದಿನ ಬೆಳಿಗ್ಗೆ ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಎಂದಿನಂತೆ ನಿಂತಿದ್ದರು. ನಾನು ನೇರವಾಗಿ ಕೇಳಿದೆ: “ಯಾಕೆ ಹೀಗೆ ಮಾಡಿದ್ರಿ ಅಕ್ಕ?”

ಅವರು ಅತ್ತಿತ್ತ ನೋಡಿದರು. “ಇಷ್ಟು ವರ್ಷ ಪಾಠ ಮಾಡೀನಿ. ಒಂದ್ಸಲನಾದ್ರೂ ಯಾರಾದ್ರೂ ನನ್ನ ಹೆಸರು ಹಿಡಿದು ವೇದಿಕೆಗೆ ಕರೆದಿದ್ರಾ? ನಂಗೆ ಇನ್ನ ಎರಡು ವರ್ಷ ಸರ್ವಿಸ್ ಐತೆ. ನಿಂಗೆ ಇನ್ನೂ ಎಷ್ಟೋ ವೇದಿಕೆ ಸಿಗ್ತಾವೆ.”

“ಕೇಳಿದ್ರೆ ನಾನೇ ಕೊಡ್ತಿದ್ನಲ್ಲ ಅಕ್ಕ.”

“ಕೇಳಿ ಇಸ್ಕೊಂಡಿದ್ರೆ ಅದು ನಿಂದೇ ಆಗಿರ್ತಿತ್ತು” ಎಂದರು. ಕ್ಷಮಿಸು ಎನ್ನಲಿಲ್ಲ. ಬಸ್ ಬಂತು. ಬೇರೆ ಬೇರೆ ಸೀಟಿನಲ್ಲಿ ಕೂತೆವು.

ಹೆಡ್‌ಮಾಸ್ತರಿಗೆ ವಿಷಯ ತಿಳಿಸಿದೆ. “ನಿಮಗೆ ಗೊತ್ತಿದ್ದೇ ನಡೀತಿದೆ ಅಂತ ನಾನು ಅವರ ಕಾರ್ಯಾಗಾರದ ಅರ್ಜಿಗೆ ಸಹಿ ಹಾಕಿದ್ದು ಮೇಡಂ. ಈಗ ಎತ್ತಿದ್ರೆ ಶಾಲೆ ಹೆಸರು ಕೆಡುತ್ತೆ” ಎಂದು ಅವರು ಕೈ ಚೆಲ್ಲಿದರು. ನೋಟ್‌ಬುಕ್ ಅವರ ಮೂಲಕವೇ ನನ್ನ ಮೇಜಿಗೆ ಬಂತು. ಮುಂದಿನ ಜೂನ್‌ನಲ್ಲಿ ಅಕ್ಕ ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸಕ್ಕೆ ನಿಯೋಜನೆಯಾಗಿ ಮೊಳಕಾಲ್ಮುರಿಗೆ ಹೋದರು. ದೇವಸಮುದ್ರದ ಕಡೆಯ ಶಾಲೆಗಳಲ್ಲಿ ಈಗ ಕುರಿಸಂತೆ ಆಡಿಸುತ್ತಾರಂತೆ. ಅಲ್ಲಿಯ ಮಕ್ಕಳೂ ಮಾತು ಕಲಿಯುತ್ತಿದ್ದರೆ ಒಳ್ಳೆಯದೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಕೆಲವು ದಿನ ನಂಬುತ್ತೇನೆ.

ಆ ಹುಡುಗಿ ಹೈಸ್ಕೂಲಿಗೆ ಹೋಗುವ ಮುಂಚೆ ನಾನು ಅವಳಿಗೆ ನಿಜ ಹೇಳಿದೆ: ಅದು ಸರ್‌ಪ್ರೈಸ್ ಆಗಿರಲಿಲ್ಲ, ನಿನ್ನ ತಪ್ಪೇನೂ ಇಲ್ಲ, ಅಂದು ನಾನೇ ಎದ್ದು ಮಾತಾಡಬೇಕಿತ್ತು ಎಂದು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು, “ನೀವು ಅವತ್ತೇ ಹೇಳಿದ್ರೆ ನಾನು ಬಸ್ಸಿನಾಗೆ ಅಷ್ಟು ನಗ್ತಿರ್ಲಿಲ್ಲ ಮಿಸ್” ಎಂದಳು.

ಆಟ ನಿಲ್ಲಿಸಿಲ್ಲ. ಮೊನ್ನೆ ಆರನೇ ತರಗತಿಯ ಇಬ್ಬರು ಹುಡುಗಿಯರು ಬೆಂಚಿನ ಜಾಗಕ್ಕಾಗಿ ಇಂಗ್ಲಿಷಿನಲ್ಲೇ ಜಗಳಕ್ಕೆ ನಿಂತರು, ನಾನು ಹೇಳಿಕೊಡದ ಮಾತುಗಳಲ್ಲಿ. ನನಗೆ ನಗು ತಡೆಯಲಾಗಲಿಲ್ಲ. ಯಾರಿಗಾದರೂ ಹೇಳಲೇಬೇಕೆನಿಸಿ ಫೋನ್ ತೆಗೆದೆ. ಬೆರಳು ತಾನಾಗಿ ಅಕ್ಕನ ನಂಬರಿಗೆ ಹೋಗಿತ್ತು. ಫೋನ್ ಬ್ಯಾಗಿಗೆ ಹಾಕಿ, ಮಕ್ಕಳನ್ನು ಊಟಕ್ಕೆ ಬಿಟ್ಟೆ.