ನಾಲ್ಕು ಸ್ಕ್ರೂಗಳ ಮೇಲಿನ ಕುಂಕುಮ

ಕಳೆದ ವರ್ಷ ಆಯುಧಪೂಜೆ ಮುಗಿದ ಮೂರನೆಯ ದಿನ. ಕ್ರೋಂಪೇಟೆಯ ನಮ್ಮ ಮನೆಯಲ್ಲಿ ನಾನು ಅಪ್ಪನ ಬೇಸ್ ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಹಳೆಯ ಟೂತ್ ಬ್ರಷ್‌ನಿಂದ ಉಜ್ಜುತ್ತಿದ್ದೆ. ಮರುದಿನ ಅದನ್ನು ಬೆಸೆಂಟ್ ನಗರದಲ್ಲಿ ಹಳೆಯ ವಾದ್ಯಗಳ ಸಂಗ್ರಾಹಕರೊಬ್ಬರಿಗೆ ತೋರಿಸುವುದಿತ್ತು. ಅದು ಮನೆಗೆ ಬಂದಾಗಿನಿಂದ ಅಮ್ಮ ಪ್ರತಿ ವರ್ಷ ಅದಕ್ಕೆ ಹಿಂದೆ ಮುಂದೆ ವಿಭೂತಿ, ಗಂಧ, ಕುಂಕುಮ ಇಡುತ್ತಾರೆ. ಮುಂಭಾಗ ಉಜ್ಜಿ ಮುಗಿಸುವಷ್ಟರಲ್ಲಿ ಗ್ಯಾಸ್ ಸಿಲಿಂಡರ್ ಬಂತು. ಎದ್ದು ಹೋದವಳು ಹಿಂಭಾಗವನ್ನು ಹಾಗೆಯೇ ಬಿಟ್ಟೆ.

ಅಪ್ಪ ಸಿನಿಮಾ ಹಾಡುಗಳ ರೆಕಾರ್ಡಿಂಗ್‌ನಲ್ಲಿ ಬೇಸ್ ನುಡಿಸುತ್ತಿದ್ದವರು. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಇದಕ್ಕೆ ಎಂಟು, ಒಂದು ದಪ್ಪ, ಪಕ್ಕದಲ್ಲೇ ಒಂದು ಸಣ್ಣದು, ಹೀಗೆ ನಾಲ್ಕು ಜೊತೆ. ನಲವತ್ತು ವರ್ಷದ ಹಿಂದೆ ಬಂದರಿನ ಬಳಿ ಹಡಗಿನವನೊಬ್ಬನಿಂದ ಕೊಂಡದ್ದು, ಜಪಾನಿನಲ್ಲಿ ತಯಾರಾದದ್ದು, ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇದೆ ಎಂದು ಅಪ್ಪ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಈಗ ಅವರ ಬೆರಳು ಮಡಚುವುದಿಲ್ಲ. ನುಡಿಸುವವರ ಕೈ ಸೇರಲಿ ಎಂದು ಮಾರಲು ಒಪ್ಪಿದ್ದರು.

ಸಂಗ್ರಾಹಕರು ಮರ್ಯಾದಸ್ಥರು. ಅವರ ಇಬ್ಬರು ಗೆಳೆಯರೂ ಅಲ್ಲಿ ಕುಳಿತಿದ್ದರು. ಗಿಟಾರನ್ನು ಹತ್ತು ನಿಮಿಷ ನೋಡಿ, ಒಂದು ದಪ್ಪ ಪುಸ್ತಕ ತೆಗೆದು ಚಿತ್ರ ತೋರಿಸಿದರು. ಅದೇ ಆಕಾರದ ಮೈ, ಆದರೆ ನಾಲ್ಕೇ ತಂತಿ.

“ಮೈ ಒಂದು ಗಿಟಾರಿನದು, ಕತ್ತು ಇನ್ನೊಂದರದು. ಯಾರೋ ಜೋಡಿಸಿ ನಿಮಗೆ ಮಾರಿದ್ದಾರೆ ಸಾರ್. ಬಿಡಿಭಾಗಕ್ಕೆ ಅಂತ ಬೇಕಾದರೆ ಎಂಟು ಸಾವಿರ ಕೊಡಬಹುದು,” ಎಂದರು. ಗೆಳೆಯರಲ್ಲೊಬ್ಬರು ನಕ್ಕರು. ಅಪ್ಪ ಪೆಟ್ಟಿಗೆಯ ಮುಚ್ಚಳ ಹಾಕಿದರು. ಬೀಗದ ಚಿಲಕ ಅವರ ಬೆರಳಿಗೆ ಸಿಗಲಿಲ್ಲ. ನಾನೇ ಹಾಕಿದೆ.

ಆಟೋದಲ್ಲಿ ಅಡ್ಯಾರ್ ದಾಟಿದ ಮೇಲೆ ಕೇಳಿದರು: “ಇಷ್ಟು ವರ್ಷ ನಾನು ಸುಳ್ಳು ಹೇಳ್ಕೊಂಡು ತಿರುಗಿದ್ನೇನಮ್ಮ?”

ನಾನು ಪೆಟ್ಟಿಗೆಯನ್ನು ನನ್ನ ಮಡಿಲಿಗೆ ಎಳೆದುಕೊಂಡೆ.

ಆಮೇಲೆ ಹತ್ತು ದಿನ ಅಪ್ಪ ಹಳೆಯ ವಾದ್ಯಗಾರರ ಫೋನ್ ಎತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ. ತ್ರಿಪ್ಲಿಕೇನ್‌ನಲ್ಲಿ ಒಂದು ಮೆಸ್ಸಿನ ಮಹಡಿಯ ಮೇಲೆ ತಂತಿವಾದ್ಯ ರಿಪೇರಿ ಮಾಡುವ ಭಾಯ್ ಒಬ್ಬರಿದ್ದಾರೆಂದು ವಿಚಾರಿಸಿ, ಅಪ್ಪನನ್ನು ಒಪ್ಪಿಸಿ ಕರೆದುಕೊಂಡು ಹೋದೆ.

ಭಾಯ್ ಪುಸ್ತಕ ತೆಗೆಯಲಿಲ್ಲ. ಗಿಟಾರನ್ನು ಬೋರಲು ಮಲಗಿಸಿದರು. ಕತ್ತು ಮೈಗೆ ಸೇರುವ ಜಾಗದಲ್ಲಿ ಒಂದು ಲೋಹದ ತಗಡು, ಅದಕ್ಕೆ ನಾಲ್ಕು ಸ್ಕ್ರೂ. ನಾಲ್ಕರ ಮೇಲೂ ಅಮ್ಮನ ಬೊಟ್ಟು. ನಾಚಿಕೆಯಾಗಿ ನಾನು ಸೆರಗಿನಿಂದ ಒರೆಸಲು ಕೈ ಚಾಚಿದೆ.

“ತೊಡಾದೀಂಗಮ್ಮಾ,” ಮುಟ್ಟಬೇಡಿ ಎಂದು ಭಾಯ್ ನನ್ನ ಕೈ ತಡೆದರು.

ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನಗೂ ತೋರಿಸಿದರು. ಸ್ಕ್ರೂ ತಲೆಯ ಗೀರಿನೊಳಗೆ ಗಂಧ, ವಿಭೂತಿ, ಕುಂಕುಮ ಪದರದ ಮೇಲೆ ಪದರವಾಗಿ ಕಲ್ಲಿನಂತೆ ಕೂತಿತ್ತು. ಒಂದು ಸಲ ಸ್ಕ್ರೂಡ್ರೈವರ್ ತಾಗಿದ್ದರೂ ಅದು ಒಡೆದಿರುತ್ತಿತ್ತು ಎಂದು ತಮಿಳಿನಲ್ಲಿ ವಿವರಿಸಿ, ಅಪ್ಪನ ಕಡೆ ತಿರುಗಿ, “ನಿಮ್ಮ ಮನೆಯವರು ಸೀಲು ಹಾಕಿಟ್ಟಿದ್ದಾರೆ ಸಾರ್,” ಎಂದರು.

ಅಂದು ಸಿಲಿಂಡರ್ ಐದು ನಿಮಿಷ ತಡವಾಗಿ ಬಂದಿದ್ದರೆ ಆ ಸೀಲನ್ನು ನಾನೇ ಅಳಿಸಿರುತ್ತಿದ್ದೆ.

ಆದರೆ ಇದರಿಂದ ಗೊತ್ತಾದದ್ದು ಇಷ್ಟೇ: ಅಪ್ಪನ ಕೈಗೆ ಬಂದ ಮೇಲೆ ಯಾರೂ ಬಿಚ್ಚಿಲ್ಲ. ಹಡಗಿನವನೇ ಜೋಡಿಸಿದ್ದರೆ? ಅದನ್ನು ತಿಳಿಯಲು ಬಿಚ್ಚಲೇಬೇಕಿತ್ತು. ಒಳಗೆ ಬೇರೆಯದೇ ಕಂಡರೆ ಅಪ್ಪನಿಗೆ ಹೇಳಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ಇಲ್ಲಿಗೇ ಸಾಕು ಎಂದು ನಾನು ಅಪ್ಪನ ತೋಳು ಹಿಡಿದೆ.

“ಬಿಚ್ಚಿ ಭಾಯ್,” ಎಂದರು ಅಪ್ಪ.

ಭಾಯ್ ಮೊದಲು ಫೋಟೊ ತೆಗೆದರು. ಒದ್ದೆ ಹತ್ತಿಯಿಂದ ಒಂದೊಂದೇ ಸ್ಕ್ರೂ ನೆನೆಸಿದರು. ಕಾಲು ಗಂಟೆಯಾದ ಮೇಲೆ ಸ್ಕ್ರೂಗಳು ತಿರುಗಿದವು. ಕತ್ತು ಸಡಿಲವಾಗಿ ಈಚೆ ಬಂತು. ಅದರ ತುದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ನಾಲ್ಕು ಅಂಕಿ, ಪಕ್ಕದಲ್ಲಿ ಒಂದು ಜಪಾನಿ ಅಕ್ಷರ. ಮೈಯ ಗುಳಿಯೊಳಗೆ ಭಾಯ್ ಟಾರ್ಚ್ ಬಿಟ್ಟರು. ಅದೇ ನಾಲ್ಕು ಅಂಕಿ, ಅದೇ ಅಕ್ಷರ, ಏಳನ್ನು ಅಡ್ಡಗೆರೆ ಹಾಕಿ ಬರೆದ ಅದೇ ಕೈ. ಕಾರ್ಖಾನೆಯಲ್ಲಿ ಒಂದಕ್ಕೊಂದು ಕೂಡಿಸುವಾಗ ಗುರುತಿಗೆ ಹಾಗೆ ಬರೆಯುತ್ತಿದ್ದರಂತೆ. ಎಂಟು ತಂತಿಯವು ಕೆಲವೇ ಬಂದಿರಬೇಕು, ಅದಕ್ಕೇ ಪುಸ್ತಕದಲ್ಲಿಲ್ಲ ಎಂದರು ಭಾಯ್.

ಅಪ್ಪ ಅಂಕಿಗಳನ್ನು ಮೂರು ಸಲ ಗಟ್ಟಿಯಾಗಿ ಓದಿದರು.

ಮನೆಯಲ್ಲಿ ಅಮ್ಮನಿಗೆ ಹೇಳಿದಾಗ ಅವರು ಒಗ್ಗರಣೆ ಸೌಟು ಕೆಳಗಿಡಲೂ ಇಲ್ಲ. “ಮೆತ್ತಬೇಡ, ಮೆತ್ತಬೇಡ ಅಂತ ವರ್ಷವರ್ಷವೂ ಬೈತಿದ್ರಲ್ಲ, ಈಗ ಹೇಳಿ,” ಎಂದರು.

ಮರುವಾರ ಅಪ್ಪ ತಾವೇ ಫೋನ್ ಮಾಡಿ ಬೆಸೆಂಟ್ ನಗರಕ್ಕೆ ಹೊರಟರು. ಆ ಇಬ್ಬರು ಗೆಳೆಯರೂ ಇರಬೇಕೆಂದು ಮೊದಲೇ ಹೇಳಿದ್ದರು. ಸಂಗ್ರಾಹಕರು ಫೋಟೊಗಳನ್ನು ನೋಡಿದರು, ಭಾಯ್ ಜೊತೆ ಫೋನಿನಲ್ಲಿ ಮಾತಾಡಿದರು. ನಂತರ ಎದ್ದು ನಿಂತು, ಗೆಳೆಯರ ಮುಂದೆಯೇ, “ತಪ್ಪು ನಂದು ಸಾರ್. ನಾನು ಪುಸ್ತಕ ನೋಡಿದೆ, ಗಿಟಾರ್ ನೋಡಲಿಲ್ಲ,” ಎಂದರು. ಎರಡೂವರೆ ಲಕ್ಷ ಕೊಡುವುದಾಗಿ ಹೇಳಿದರು. ಗೋಡೆಗೆ ನೇತುಹಾಕಬಾರದು, ಯಾರಾದರೂ ನುಡಿಸುತ್ತಿರಬೇಕು ಎಂಬ ಮಾತು ಪಡೆದು ಅಪ್ಪ ಕೊಟ್ಟುಬಿಟ್ಟರು.

ಬರಿಗೈಯಲ್ಲಿ ಆಟೋ ಹತ್ತಿದೆವು. ಸಿಗ್ನಲ್ಲಿನಲ್ಲಿ ನಿಂತಾಗ ಅಪ್ಪ ಮುಂದೆ ಬಾಗಿ, ಯಾರೂ ಕೇಳದಿದ್ದರೂ ಡ್ರೈವರಿಗೆ ಹೇಳಿದರು: “ಅದು ಒರಿಜಿನಲ್ ಪಾ.”

“ಎದು ಸಾರ್?” ಯಾವುದು ಎಂದು ಅವನು ಕೇಳಿದ.

“ಎಲ್ಲಾಮೇ,” ಎಂದು ಅಪ್ಪ ಹಿಂದಕ್ಕೆ ಒರಗಿ ಕೂತರು.

ಅವರ ಪಕ್ಕದಲ್ಲಿ ಅಷ್ಟು ಹೆಮ್ಮೆಯಿಂದ ನಾನು ಎಂದೂ ಕುಳಿತಿರಲಿಲ್ಲ. ಆದರೆ ಆ ಹತ್ತು ದಿನ ಪುಸ್ತಕದ ಚಿತ್ರವನ್ನು ನಂಬಿದವರಲ್ಲಿ ನಾನೂ ಒಬ್ಬಳು. ಅದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಓದಿಕೊಳ್ಳಲಿ.